ಸೌಕರ್ಯವಿಲ್ಲವೆಂಬ ನೆವ



ಸಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಗಳಿಗೆ ದಯಮಾಡಿಸಿದಾಗಲೆಲ್ಲ ನಾವು ಭಕ್ತರ ಮನೆಗಳಲ್ಲಿ ಕೇಳುವುದೊಂದು ಪ್ರಶ್ನೆಯುಂಟು: ಮಗಳು ಶಾಲೆಗೆ ಹೋಗುತ್ತಿರುವಳೇ? ಬಹುಪಾಲು ಮನೆಗಳಲ್ಲಿ ‘ಹೌದು’ ಎಂಬ ಉತ್ತರವೇ ಬರುತ್ತದೆ. ಅದು ಸಂತೋಷದ ಮಾತು. ಆದರೆ ಕೆಲವೆಡೆ ಉತ್ತರ ಬೇರೆ: “ಎಂಟನೆಯ ಇಯತ್ತೆ ಮುಗಿಯಿತು, ಬುದ್ಧೀ. ಮುಂದಿನ ಶಾಲೆ ದೂರ. ಮಳೆಗಾಲದಲ್ಲಿ ಹಳ್ಳ ದಾಟಬೇಕು. ಅಲ್ಲಿ ಹೆಣ್ಣುಮಕ್ಕಳಿಗೆ ತಕ್ಕ ಸೌಕರ್ಯವಿಲ್ಲ.” ಅದೇ ಮನೆಯ ಮಗನು ಅದೇ ಹಳ್ಳದ ಕಾಲುಸಂಕ ದಾಟಿ ಅದೇ ಶಾಲೆಗೆ ಹೋಗುತ್ತಿರುತ್ತಾನೆ!

ಈ ‘ಸೌಕರ್ಯವಿಲ್ಲ’ ಎಂಬ ಮಾತಿನ ವಂಶಾವಳಿಯನ್ನು ತಿಳಿಯಬೇಕು. 1950ರ ದಶಕದ ಆರಂಭದಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ತರಗತಿಗೆ ಪ್ರವೇಶ ಬೇಡಿದ ಒಬ್ಬ ಕನ್ಯೆಗೆ ಅದು ದೊರೆಯಲಿಲ್ಲ. ಆಗ ಉಡುಪಿಯು ಮದ್ರಾಸು ರಾಜ್ಯದಲ್ಲಿತ್ತು. ವಿಶೇಷ ಅನುಮತಿಯಿಲ್ಲದೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳಕೂಡದೆಂದು ಮದ್ರಾಸು ವಿಶ್ವವಿದ್ಯಾಲಯವು ಕಾಲೇಜುಗಳಿಗೆ ವಿಧಿಸಿತ್ತು; ಅವರಿಗೆ ಯೋಗ್ಯ ಸೌಕರ್ಯಗಳಿರಬೇಕೆಂಬುದು ಅದರ ಸಮರ್ಥನೆ. ಆ ವಿದ್ಯಾರ್ಥಿನಿ ನ್ಯಾಯಾಲಯದ ಮೆಟ್ಟಿಲೇರಿದಳು. ಕೊನೆಗೆ ಮದ್ರಾಸು ಉಚ್ಚ ನ್ಯಾಯಾಲಯದ ಪೀಠವು ಅವಳ ಪಕ್ಷದಲ್ಲಿ ನಿಲ್ಲಲಿಲ್ಲ. 1954ರ ಕಾನೂನು ವರದಿಗಳಲ್ಲಿ ಅಚ್ಚಾಗಿರುವ ಆ ತೀರ್ಪಿನಂತೆ ವಿಶ್ವವಿದ್ಯಾಲಯವು ಸಂವಿಧಾನದ ಅರ್ಥದಲ್ಲಿ ‘ರಾಜ್ಯ’ವಲ್ಲ, ಆದುದರಿಂದ 15ನೆಯ ವಿಧಿಯ ಲಿಂಗಭೇದ ನಿಷೇಧವು ಅದಕ್ಕೆ ತಗಲದು. ಇನ್ನು, ಸರ್ಕಾರದ ಧನಸಹಾಯ ಪಡೆಯುವ ಶಾಲೆಗಳಲ್ಲಿ ಪ್ರವೇಶ ನಿರಾಕರಿಸಬಾರದೆನ್ನುವ 29ನೆಯ ವಿಧಿಯು ಧರ್ಮ, ಮೂಲವಂಶ, ಜಾತಿ, ಭಾಷೆಗಳನ್ನು ಹೆಸರಿಸಿದೆ, ಲಿಂಗವನ್ನು ಹೆಸರಿಸಿಲ್ಲ. ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಮೊದಲ ಬಾರಿ ಆ ವಿಧಿಯನ್ನು ಕಂಡು ನಾವು ಅಚ್ಚಿನ ದೋಷವೆಂದೇ ಭಾವಿಸಿದ್ದೆವು. ದೋಷ ಅಚ್ಚಿನದಲ್ಲ. ಆ ಪದ ಇಂದಿಗೂ ಅಲ್ಲಿಲ್ಲ.

ಮುಂದೆ ಕಾಲ ಸರಿಯಿತು. ‘ರಾಜ್ಯ’ವೆಂಬುದಕ್ಕೆ ಕೊಟ್ಟ ಆ ಸಂಕುಚಿತಾರ್ಥವನ್ನು 1967ರಲ್ಲಿ ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿತು. 1972ರಲ್ಲಿ ಅಮೆರಿಕದವರು, ಕೇಂದ್ರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯೂ ಲಿಂಗಭೇದ ಮಾಡಕೂಡದೆಂದು ಶಾಸನ ಮಾಡಿದರು. ನಮ್ಮಲ್ಲಿ 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಪ್ರತಿ ಶಾಲೆಯಲ್ಲಿಯೂ ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯವಿರಬೇಕೆಂದಿತು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನೇ ಎಲ್ಲ ರಾಜ್ಯಗಳಿಗೂ ಆಜ್ಞಾಪಿಸಿತು. ಅಂದರೆ ನ್ಯಾಯವು ತಲೆಕೆಳಗಾಗಿ ನಿಂತಿದ್ದುದು ಈಗ ಕಾಲೂರಿ ನಿಂತಿದೆ. ಅಂದು ಸೌಕರ್ಯವಿಲ್ಲದಿದ್ದರೆ ಹೆಣ್ಣುಮಗಳು ಹೊರಗೆ. ಇಂದು ಸೌಕರ್ಯವಿಲ್ಲದಿದ್ದರೆ ಶಾಲೆಯೇ ತಪ್ಪಿತಸ್ಥ. ಕಾನೂನಿಗೆ ಇಷ್ಟು ತಿಳಿದ ಮೇಲೂ ನಮ್ಮ ಮನೆಗಳಲ್ಲಿ 1954ರ ತೀರ್ಪೇ ನಡೆಯುತ್ತಿದೆಯಲ್ಲ!

ಈ ಜಿಲ್ಲೆ ವಿದ್ಯೆಗೆ ಹಿಂದುಳಿದುದೆಂದು ಯಾರೂ ಹೇಳಲಾರರು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ 75, ಉತ್ತರ ಕನ್ನಡದ್ದು 84. ಆದರೆ ತೋಟದ ಮನೆಗಳೂ, ಯಲ್ಲಾಪುರದ ಕಾಡಿನೊಳಗಿನ ಸಿದ್ದಿಯರ, ಗೌಳಿಯರ ವಸತಿಗಳೂ ಒಂದಕ್ಕೊಂದು ದೂರ. ಶಿಕ್ಷಣ ಹಕ್ಕು ಹದಿನಾಲ್ಕನೆಯ ವಯಸ್ಸಿಗೆ ಮುಗಿಯುತ್ತದೆ. ಹುಡುಗಿಗೆ ಕಷ್ಟ ಮೊದಲಾಗುವುದೂ ಹೆಚ್ಚು ಕಡಿಮೆ ಅದೇ ವಯಸ್ಸಿಗೆ. ಸರ್ಕಾರವು ಒಂದು ಕಾಲದಲ್ಲಿ ಎಂಟನೆಯ ತರಗತಿಯವರಿಗೆ ಸೈಕಲ್ಲು ಕೊಟ್ಟಿತು. ಘಟ್ಟದ ಏರಿನಲ್ಲಿ ಅದನ್ನು ತುಳಿದವರಿಗಿಂತ ನೂಕಿದವರೇ ಹೆಚ್ಚು. 2023ರಿಂದ ಬಸ್ಸಿನ ಪ್ರಯಾಣ ಸ್ತ್ರೀಯರಿಗೆ ಉಚಿತವಾಗಿದೆ, ಒಳ್ಳೆಯದು. ಬಸ್ಸು ಬಾರದ ಊರಿಗೆ ಅದರಿಂದೇನು?

ಇನ್ನು, ಹೇಳಲು ಕಹಿಯಾದರೂ ಹೇಳಬೇಕಾದ ಮಾತು. ತಿಂಗಳಿಗೆ ಮೂರು ನಾಲ್ಕು ದಿನ ಮಗಳನ್ನು ಶಾಲೆ ಬಿಡಿಸಿ ಹೊರಗೆ ಕೂರಿಸುವ ಲಿಂಗಧಾರಿಗಳ ಮನೆಗಳು ನಮ್ಮಲ್ಲಿಯೂ ಇವೆ. ಕೊರಳಲ್ಲಿ ಇಷ್ಟಲಿಂಗ ಧರಿಸಿದವರಿಗೆ ರಜಸ್ಸೂತಕವೂ ಸೇರಿ ಪಂಚಸೂತಕಗಳಿಲ್ಲವೆಂಬುದು ನಮ್ಮ ಮತದ ನಿರ್ಣಯವಲ್ಲವೇ? ಪೂಜೆಗೆ ಅಡ್ಡಿಯಾಗದ್ದು ಪಾಠಕ್ಕೆ ಅಡ್ಡಿಯಾದುದು ಹೇಗೆ? ಬನವಾಸಿ ಸೀಮೆಗೆ ನೆರೆಯ ಉಡುತಡಿಯಲ್ಲಿ ಹುಟ್ಟಿದ ಅಕ್ಕಮಹಾದೇವಿಯ ಜಯಂತಿಯಲ್ಲಿ ಗಂಟಲು ಹರಿಯುವಂತೆ ಉಪನ್ಯಾಸ ಮಾಡಿ ಮನೆಗೆ ಹೋಗಿ ಸೂತಕ ಪಾಲಿಸುವವರಿಗೆ ನಾವು ಹೇಳುವುದೇನು!

ಮಠಗಳೂ ನಿರ್ದೋಷಿಗಳಲ್ಲ. ಈ ಪತ್ರಿಕೆಯನ್ನೋದುವ ಹಳೆಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರು ಪ್ರಸಾದನಿಲಯದ ಅನ್ನವುಂಡು ಅಧಿಕಾರಿಗಳಾದಿರಿ. ನಾವೂ ಅಂತಹ ಒಂದು ನಿಲಯದ ಕೂಸೇ. ನಮ್ಮ ಪಂಕ್ತಿಯಲ್ಲಿ ನೂರಾರು ಹುಡುಗರಿದ್ದರು. ನಮ್ಮ ತಂಗಿಯರು ಎಲ್ಲಿದ್ದರೆಂದು ಅಂದು ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಹುಡುಗಿಯರಿಗೆ ನಿಲಯ ಕಟ್ಟಿದರೆ ಕಾವಲಿನ ಹೊಣೆ ಯಾರದೆಂದು ಹಿರಿಯರು ಹಿಂಜರಿಯುತ್ತಿದ್ದರು. ಆ ಹಿಂಜರಿಕೆಯ ಬೆಲೆಯನ್ನು ಹುಡುಗಿಯರೇ ತೆತ್ತರು. ಸಿದ್ದಾಪುರ ಸೀಮೆಯ ಮಾವಿನಗುಂಡಿಯಲ್ಲಿ ಒಂದು ಸ್ಮಾರಕವಿದೆ. 1930ರ ದಶಕದ ಕರನಿರಾಕರಣೆಯಲ್ಲಿ, ಜಪ್ತಿಯಾದ ಆಸ್ತಿಯನ್ನು ಕೊಂಡವರ ಮನೆಯೆದುರು ಉಪವಾಸ ಕುಳಿತ ಸ್ತ್ರೀಯರ ನೆನಪಿಗೆ ಅದನ್ನು ನಿಲ್ಲಿಸಿದ್ದಾರೆ. ಅವರಿಗೆ ಯಾರು ಕಾವಲಿದ್ದರು?

ಆದುದರಿಂದ ನಮ್ಮ ಕೋರಿಕೆಯಿದು. ಕಾಯಿದೆಯಂತೆ ಶಾಲಾ ಸಮಿತಿಯಲ್ಲಿ ಅರ್ಧದಷ್ಟು ಸ್ಥಾನ ಸ್ತ್ರೀಯರದು. ಆ ಸ್ಥಾನದಲ್ಲಿ ತಾಯಂದಿರೇ ಕುಳಿತುಕೊಳ್ಳಲಿ. ಅವರ ಪರವಾಗಿ ಗಂಡಂದಿರು ರುಜು ಹಾಕುವುದು ನಿಲ್ಲಲಿ. ಹುಡುಗಿಯರ ನಿಲಯಕ್ಕೆ ಜಾಗವೋ ಧನವೋ ಕೊಡಬಲ್ಲ ಹಳೆಯ ವಿದ್ಯಾರ್ಥಿಗಳು ಮಠಕ್ಕೆ ಬರೆಯಲಿ. ಉಳಿದವರು ನಾಳೆಯೇ ತಮ್ಮೂರ ಶಾಲೆಗೆ ಹೋಗಿ ಹುಡುಗಿಯರ ಶೌಚಾಲಯದಲ್ಲಿ ನೀರಿದೆಯೇ, ಅದರ ಬೀಗದ ಕೈ ಯಾರ ಬಳಿಯಿದೆ ಎಂದು ವಿಚಾರಿಸಿ ನಮಗೊಂದು ಕಾಗದ ಹಾಕಲಿ.