ಹತ್ತುಮೀನಿಗೂ ಒಂದು ಶನಿವಾರ ಬೇಡವೇ?

ಮೊದಲ ದೊಡ್ಡ ಮಳೆ ಬಿದ್ದ ಮರುದಿನ ನಮ್ಮ ಮದ್ರಸದಲ್ಲಿ ಹಾಜರಿ ಅರ್ಧಕ್ಕೆ ಇಳಿಯುತ್ತದೆ. ಜ್ವರ ಅಲ್ಲ, ಹತ್ತುಮೀನು. ಕೆರೆಯ ಕೋಡಿಯಿಂದ, ಹಳ್ಳದಿಂದ ಹೊಸ ನೀರಿಗೆ ಎದುರಾಗಿ ಮೀನು ಗದ್ದೆಗೆ ಹತ್ತುವ ಹೊತ್ತದು. ಕಳೆದ ಸಲ ಒಬ್ಬ ಹುಡುಗ ಪ್ಲಾಸ್ಟಿಕ್ ಚೀಲದಲ್ಲಿ ಮೂರು ಮುರುಗೋಡು ತಂದು, "ಉಸ್ತಾದ್, ಉಮ್ಮ ಕಳಿಸಿದ್ದು. ಒಳಗೆ ಮೊಟ್ಟೆ ತುಂಬಾ ಉಂಟು" ಅಂದ. ನಾನು ಬೇಡ ಅನ್ನಲಿಲ್ಲ. ಸಾರು ಮಾಡಿ ತಿಂದೆವು. ಸಣ್ಣವನಿದ್ದಾಗ ನಾನೂ ಕೂಣಿ ಇಟ್ಟು ಕಾದವನೇ, ಹಾಗಾಗಿ ಆ ಹುಡುಗನಿಗೆ ಬುದ್ಧಿ ಹೇಳುವ ಯೋಗ್ಯತೆ ನನಗೆ ಅಷ್ಟಾಗಿ ಇಲ್ಲ.

ಆದರೆ ಅದೇ ವಾರ ಮಕ್ಕಳಿಗೆ ಸೂರಾ ಅಅ್‌ರಾಫ್‌ನ ಶನಿವಾರದ ಜನರ ಕಥೆ ಹೇಳಬೇಕಾಗಿ ಬಂತು. ಕಡಲ ತೀರದ ಊರು. ಶನಿವಾರ ಮೀನು ಹಿಡಿಯಬಾರದು ಅಂತ ಅಲ್ಲಾಹನ ಆಜ್ಞೆ. ಆ ಜನರ ಪರೀಕ್ಷೆಗೆ ಮೀನು ಶನಿವಾರವೇ ನೀರಿನ ಮೇಲೆ ಕಾಣುವ ಹಾಗೆ ಬರುತ್ತಿತ್ತು, ಉಳಿದ ದಿನ ಇಲ್ಲ. ತಫ್ಸೀರ್‌ನವರು ವಿವರಿಸುವಂತೆ ಅವರು ಉಪಾಯ ಹೂಡಿದರು: ಶುಕ್ರವಾರವೇ ಬಲೆ ಕಟ್ಟಿ, ಭಾನುವಾರ ಎತ್ತಿಕೊಂಡರು. ಕಥೆ ಮುಗಿದಾಗ ಚೀಲ ತಂದಿದ್ದ ಆ ಹುಡುಗನೇ ಕೇಳಿದ, "ಹಾಗಾದ್ರೆ ನಮ್ಮ ಮೀನಿಗೆ ಶನಿವಾರ ಯಾವಾಗ ಉಸ್ತಾದ್?"

ಸಮುದ್ರದ ಬೇಟೆ ನಮಗೆ ಹಲಾಲ್. ಹಜ್ಜಿನ ಇಹ್ರಾಮಿನಲ್ಲಿ ಇರುವವನಿಗೂ ಅದು ಹಲಾಲ್ ಅಂತ ಸೂರಾ ಮಾಇದಾ ಹೇಳುತ್ತದೆ. ಹತ್ತುಮೀನು ಹರಾಮ್ ಅಂತ ಫತ್ವಾ ಕೊಡಲಿಕ್ಕೆ ನಾನು ಹೊರಟಿಲ್ಲ. ಆದರೆ ಮೊಟ್ಟೆ ಇಡಲಿಕ್ಕೆ ಅಂತಲೇ ಹತ್ತಿ ಬಂದ ಮೀನನ್ನು ದಾರಿಗೆ ಅಡ್ಡ ಕೂಣಿ ಇಟ್ಟು ಒಂದೂ ಬಿಡದೆ ಹಿಡಿಯುವುದಕ್ಕೂ ಆ ಶುಕ್ರವಾರದ ಬಲೆಗೂ ವ್ಯತ್ಯಾಸ ಎಷ್ಟು? ಕರಾವಳಿಯ ನಮ್ಮವರಿಗೆ ಇದು ಹೊಸ ಮಾತೇನಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಬಂಗುಡೆ, ಬೂತಾಯಿ ರೇಟು ಏರಿದರೂ ಜನ ಗೊಣಗಿಕೊಂಡೇ ಒಪ್ಪಿದ್ದಾರೆ. ಘಟ್ಟದ ಮೇಲಿನ ಹಳ್ಳಕ್ಕೆ ಜನ ಹಾಗೆ ಒಪ್ಪಿ ಪಾಲಿಸುವ ರಜೆ ಎಲ್ಲಿದೆ?

ಈ ಮಾತು ಎತ್ತಿದಾಗ ಜಮಾಅತ್‌ನ ಹಿರಿಯರೊಬ್ಬರು ಹೇಳಿದರು: "ಬಿ.ಆರ್. ಪ್ರಾಜೆಕ್ಟಿನಲ್ಲಿ ಸರ್ಕಾರವೇ ಮೀನುಮರಿ ಮಾಡಿ ಕೊಡ್ತದಲ್ಲ ಉಸ್ತಾದರೇ, ಹಳ್ಳದ ನಾಲ್ಕು ಮೀನು ಹೋದ್ರೆ ಏನು?" ಸುಲಭಕ್ಕೆ ತಳ್ಳಿಹಾಕುವ ಪ್ರಶ್ನೆ ಅಲ್ಲ ಇದು. ತರೀಕೆರೆ ಸಂತೆಯಲ್ಲಿ ಬಡವನ ಚೀಲಕ್ಕೆ ಬೀಳುವ ಕಾಟ್ಲಾ, ರೋಹು ಬಂದಿರುವುದೇ ಮರಿಕೇಂದ್ರಗಳಿಂದ. ಇವು ಗಂಗಾ ಬಯಲಿನ ಮೀನು, ನಿಂತ ನೀರಿನ ಕೆರೆಯಲ್ಲಿ ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಅನ್ನುವ ವಿಜ್ಞಾನಿ, ಮೀನಿನ ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಗೆಂಡೆ ಜಾತಿಯ ಮೀನು ಮೊಟ್ಟೆ ಇಡುವ ಹಾಗೆ ಮಾಡಿದರು. ಆ ದಿನವನ್ನೇ ಈಗ ಮೀನು ಕೃಷಿಕರ ದಿನ ಅಂತ ಆಚರಿಸುತ್ತಾರೆ. ಆ ಸೂಜಿ ಇಲ್ಲದಿದ್ದರೆ ನಮ್ಮ ಕೆರೆಗಳ ಮೀನು ಹರಾಜೂ ಇಲ್ಲ, ಸಂತೆಯ ಅಗ್ಗದ ಮೀನೂ ಇಲ್ಲ.

ಆದರೆ ತಟ್ಟೆ ತುಂಬಿಸುವ ಕೆಲಸ ಬೇರೆ, ಹೊಳೆ ತುಂಬಿಸುವ ಕೆಲಸ ಬೇರೆ. ಮುರುಗೋಡು, ಪಕ್ಕೆ, ಔಲು, ಹಾವುಮೀನು ಇವುಗಳಲ್ಲಿ ಯಾವುದನ್ನು ಚೀಲಗಟ್ಟಲೆ ತಂದು ನಮ್ಮ ಹಳ್ಳಕ್ಕೆ ಬಿಡುತ್ತಾರೆ? ಅವು ಹೋದರೆ ಹೋದವು.

ಬಿಟ್ಟರೂ ಏನಾಗಬಹುದು ಅನ್ನುವುದಕ್ಕೆ ಕಾವೇರಿಯನ್ನು ನೋಡಬೇಕು. ಅಲ್ಲಿ ಬಿಳಿಮೀನು ಅನ್ನುವ ದೈತ್ಯ ಮಹಶೀರ್ ಇತ್ತು, ಬೆನ್ನಿಗೆ ಗೂನು, ಕಿತ್ತಳೆ ಬಣ್ಣದ ರೆಕ್ಕೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕಬಿನಿಯಲ್ಲಿ ಗಾಳಕ್ಕೆ ಹಿಡಿದದ್ದು 120 ಪೌಂಡ್ ತೂಗಿತು, ಅಂದರೆ ಹೆಚ್ಚು ಕಡಿಮೆ ಒಂದು ಕ್ವಿಂಟಾಲಿನ ಅರ್ಧ! ಮಹಶೀರ್ ಕಡಿಮೆಯಾಗುತ್ತಿದೆ ಅಂತ ಒಳ್ಳೆಯ ಮನಸ್ಸಿನಿಂದಲೇ ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾದವರು 1970ರ ದಶಕದಲ್ಲಿ ಮರಿ ಮಾಡಲು ತೊಡಗಿದರು. ಆದರೆ ಅಲ್ಲಿ ಬೆಳೆಸಿದ್ದು ಕೃಷ್ಣಾ ಕಡೆಯ ನೀಲಿ ರೆಕ್ಕೆಯ ಜಾತಿ. ಆ ಮರಿಗಳು ಕಾವೇರಿಗೂ ಬಂದವು. 1998ರಿಂದ 2012ರವರೆಗೆ ಗಾಳದವರು ಬರೆದಿಟ್ಟ ಲೆಕ್ಕ ತೆಗೆದು ನೋಡಿದಾಗ ಕಂಡದ್ದು: ನೀಲಿ ರೆಕ್ಕೆಯದು ಏರುತ್ತಾ ಹೋಗಿದೆ, ಕಾವೇರಿಯ ಸ್ವಂತದ್ದು ಇಳಿಯುತ್ತಾ ಹೋಗಿದೆ. ಮರಳು ಲೂಟಿ, ಅಣೆಕಟ್ಟು, ಸಿಡಿಮದ್ದು ಕೂಡ ಕಾರಣವಿರಬಹುದು, ಎಲ್ಲವನ್ನೂ ಮರಿಕೇಂದ್ರದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಹೊಳೆಯಲ್ಲಿ ಮಹಶೀರ್ ಧಾರಾಳ ಇದೆ ಅಂತ ಎಲ್ಲರೂ ನೆಮ್ಮದಿಯಿಂದ ಇದ್ದರು, ಮನೆಯ ಮಗನೇ ಕಾಣೆಯಾದದ್ದು ಗೊತ್ತಾಗಲಿಲ್ಲ. 2018ರಲ್ಲಿ ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾಯಿತು. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು.

ಅಮೆರಿಕದ ಓರೆಗಾನ್‌ನಲ್ಲಿ ಹುಡ್ ನದಿಯ ಸ್ಟೀಲ್‌ಹೆಡ್ ಮೀನಿನ ಮೇಲೆ ಮಾಡಿದ ಅಧ್ಯಯನ 2007ರಲ್ಲಿ ಬಂತು. ತೊಟ್ಟಿಯಲ್ಲಿ ಸಾಕಿದ ಒಂದೊಂದು ತಲೆಮಾರಿಗೆ, ಹೊಳೆಯಲ್ಲಿ ಮರಿ ಮಾಡುವ ಶಕ್ತಿ ಸುಮಾರು ಶೇ. 40ರಷ್ಟು ಕುಗ್ಗುತ್ತದಂತೆ. ತೊಟ್ಟಿಯಲ್ಲಿ ಹೊತ್ತಿಗೆ ಸರಿಯಾಗಿ ತಿಂಡಿ, ಶತ್ರು ಇಲ್ಲ, ಸೆಳವು ಇಲ್ಲ. ಊರು ಬಿಟ್ಟು ಕಷ್ಟ ಕಾಣದ ಮಕ್ಕಳ ಹಾಗೆಯೇ.

ಇನ್ನೊಂದು ವಿಷಯ, ಸ್ವಲ್ಪ ನಮ್ಮ ಕಾಲಬುಡದ್ದೇ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ರಲ್ಲೇ ನಿಷೇಧಿಸಿದೆ. ಆದರೂ ಕದ್ದು ಸಾಕುವ ಹೊಂಡಗಳಿವೆ. ಅವುಗಳಿಗೆ ಮೇವು ಏನು? ಕೋಳಿ ಅಂಗಡಿಯ ಕರುಳು, ಪುಕ್ಕ. ಆ ಅಂಗಡಿಗಳಲ್ಲಿ ನಮ್ಮವರದೂ ಇವೆ ಅಂತ ಹೇಳಲಿಕ್ಕೆ ನಾಚಿಕೆ ಪಟ್ಟು ಪ್ರಯೋಜನವಿಲ್ಲ. ಮಳೆಗೆ ಹೊಂಡ ಒಡೆದರೆ ಆ ಮೀನು ಹಳ್ಳಕ್ಕೆ ಸೇರಿ, ಸಣ್ಣ ಮೀನು, ಕಪ್ಪೆ, ಮೊಟ್ಟೆ ಯಾವುದನ್ನೂ ಬಿಡುವುದಿಲ್ಲ. ಬಿಸ್ಮಿ ಹೇಳಿ ಕೊಯ್ದರೆ ಹಲಾಲ್ ಆಯಿತು, ಆದರೆ ಕುರ್‌ಆನ್ ಹಲಾಲ್ ಜೊತೆಗೆ ತಯ್ಯಿಬ್ ಅಂತಲೂ ಹೇಳುತ್ತದಲ್ಲ. ತ್ಯಾಜ್ಯ ಎಲ್ಲಿಗೆ ಹೋಯಿತು ಅನ್ನುವುದು ಆ ತಯ್ಯಿಬ್‌ನೊಳಗೆ ಬರುವುದಿಲ್ಲವೇ?

ಹೊಳೆಯ ಮೀನನ್ನು ಉಳಿಸಿದ ಜಾಗಗಳನ್ನು ಹುಡುಕಿದರೆ ಸಿಗುವುದು ಹೆಚ್ಚಾಗಿ ದೇವಸ್ಥಾನದ ಮಗ್ಗುಲಲ್ಲಿ. ಶೃಂಗೇರಿಯ ತುಂಗೆ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆ, ಬೆಳ್ತಂಗಡಿಯ ಶಿಶಿಲ. ಶಿಶಿಲದಲ್ಲಿ 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ಪೆರುವೊಳ್ ಸತ್ತಾಗ, ಊರವರು ಮೀನುಗಳಿಗೊಂದು ಸ್ಮಾರಕವನ್ನೇ ಕಟ್ಟಿದರು. ಅವರ ನಂಬಿಕೆ ಅವರಿಗೆ. ಆದರೆ ಇಂಥ ಜಾಗ ನಮಗೆ ಅಪರಿಚಿತ ಅಲ್ಲ. ಮದೀನಾದ ಸುತ್ತ ಬೇಟೆ ಆಡಬಾರದು, ಮರ ಕಡಿಯಬಾರದು ಅಂತ ಪ್ರವಾದಿಯವರು (ಸ) ಗಡಿ ಹಾಕಿದ್ದರು. ಮೀಸಲು ಜಾಗಕ್ಕೆ ಹಿಮಾ ಅನ್ನುವ ಹೆಸರೇ ಇದೆ. ಮಸೀದಿ ಪಕ್ಕದ ಒಂದು ಹಳ್ಳಕ್ಕೆ ಅಂಥ ಗಡಿ ಯಾಕೆ ಇರಬಾರದು?

ನಾನು ಕೇಳುತ್ತಿರುವುದು ದೊಡ್ಡದಲ್ಲ. ಮೃಗಶಿರಾ ಮಳೆ ಹಿಡಿದ ಮೇಲೆ ಮೀನು ಹತ್ತಿ ಇಳಿಯುವವರೆಗೆ ನಮ್ಮ ಮಹಲ್ಲಿನವರು ಕೂಣಿ ಇಡದಿರುವುದು. ಅಷ್ಟು ದಿನ ಕೆರೆಯ ಕಾಟ್ಲಾ ತಿನ್ನೋಣ, ಮರಿಕೇಂದ್ರ ಇರುವುದೇ ಅದಕ್ಕೆ. ಬ್ಯಾಟರಿ ಕರೆಂಟು, ಬ್ಲೀಚಿಂಗ್ ಪೌಡರ್ ಹಾಕುವವರಿದ್ದರೆ ಮುಲಾಜಿಲ್ಲದೆ ಪೊಲೀಸರಿಗೆ ಹೇಳುವುದು. ವಿಷ, ಸಿಡಿಮದ್ದು ಹಾಕಿ ಮೀನು ಹಿಡಿಯುವುದನ್ನು 1897ರ ಕಾನೂನೇ ಅಪರಾಧ ಅಂದಿದೆ. ಕೋಳಿ ಅಂಗಡಿಯವರ ಜೊತೆ ಒಂದು ಸಭೆ.

ಜುಮಾ ಮುಗಿದ ಮೇಲೆ ಇದನ್ನು ಹೇಳಿದೆ. ಇಬ್ಬರು ಸರಿ ಅಂದರು. ಒಬ್ಬರು, "ನಾವು ಬಿಟ್ಟರೆ ಪಕ್ಕದ ಊರಿನವರು ಹಿಡೀತಾರೆ" ಅಂದರು. ಅದು ನಿಜ. ಮಳೆಗೆ ಮುಂಚೆ ಪಕ್ಕದ ಊರಿಗೂ ಹೋಗಿ ಮಾತಾಡುವುದು ಅಂತ ಆಗಿದೆ.