ಕಾಣದ ಕಳೆ, ಕಾಣದ ಬೆಳೆ



ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯ ಮಕ್ಕಳು ಅನೇಕರು ಇಂದು ಬೆಂಗಳೂರು, ಪುಣೆಗಳಲ್ಲಿ ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯುವ ವೃತ್ತಿಯಲ್ಲಿದ್ದಾರೆ. ಅಕ್ಷರ ಕಲಿಸಿದವನ ಸಲುಗೆಯಿಂದ ಅವರೊಡನೆ ಒಂದು ಸಣ್ಣ ವಿಷಯವನ್ನು ಚರ್ಚಿಸಬೇಕೆನಿಸಿದೆ. ಅದು ಕಡತಗಳಲ್ಲಿ ಉಳಿದುಬಿಡುವ, ಕಣ್ಣಿಗೆ ಕಾಣದ ಖಾಲಿ ಜಾಗದ ವಿಷಯ.

ಕಾಗದದ ಮೇಲೆ ಖಾಲಿ ಜಾಗವೆಂದರೆ ಏನೂ ಇಲ್ಲದಿರುವುದು. ಗಣಕಕ್ಕೆ ಹಾಗಲ್ಲ, ಅದಕ್ಕೆ ಸ್ಪೇಸ್ ಕೂಡ ಒಂದು ಅಕ್ಷರವೇ. ‘ಅಥಣಿ’ ಎಂಬುದೂ, ಕೊನೆಯಲ್ಲಿ ಸ್ಪೇಸ್ ಅಂಟಿಕೊಂಡ ‘ಅಥಣಿ ’ ಎಂಬುದೂ ಅದರ ಪಾಲಿಗೆ ಎರಡು ಬೇರೆ ಊರುಗಳು. ಶಿಷ್ಯವೇತನದ ಪಟ್ಟಿಯಲ್ಲಿ ಹೀಗಾದರೆ, ತಾಲೂಕಿನ ಹೆಸರು ಹೊಂದದೆ ಒಂದು ಮಗುವಿನ ಅರ್ಜಿ ಹಿಂದೆ ಉಳಿಯಬಹುದು. ಪರದೆಯನ್ನು ಎಷ್ಟು ನೋಡಿದರೂ ತಪ್ಪು ಎಲ್ಲಿದೆಯೆಂದು ತಿಳಿಯದು.

ಪ್ರೋಗ್ರಾಂಗಳ ಲೋಕದಲ್ಲಿ ಈ ತೊಡಕು ಹಳೆಯದು. 1976ರಲ್ಲಿ ಬೆಲ್ ಪ್ರಯೋಗಾಲಯದ ಸ್ಟುವರ್ಟ್ ಫೆಲ್ಡ್‌ಮನ್ ರಚಿಸಿದ ‘ಮೇಕ್’ ಎಂಬ ಸಾಧನದಲ್ಲಿ ಆದೇಶದ ಸಾಲು ಟ್ಯಾಬ್‌ನಿಂದಲೇ ಆರಂಭವಾಗಬೇಕೆಂಬ ನಿಯಮವಿತ್ತು; ಎಂಟು ಸ್ಪೇಸ್ ಒತ್ತಿದರೆ, ನೋಡಲು ಒಂದೇ ಆದರೂ, ಕೆಲಸ ನಿಲ್ಲುತ್ತಿತ್ತು. ಪೈಥಾನ್ ಭಾಷೆಯ ಮೂರನೆಯ ಆವೃತ್ತಿಯು ಟ್ಯಾಬ್ ಮತ್ತು ಸ್ಪೇಸ್‌ಗಳ ಗೊಂದಲಮಯ ಬೆರಕೆಯನ್ನು ದೋಷವೆಂದೇ ಪರಿಗಣಿಸುತ್ತದೆ. 2005ರಲ್ಲಿ ಬಂದ ‘ಗಿಟ್’ನಲ್ಲಿ ‘ಡಿಫ್’ ಆದೇಶಕ್ಕೆ ‘ಚೆಕ್’ ಎಂಬ ಆಯ್ಕೆಯನ್ನು ಸೇರಿಸಿದರೆ, ಹೊಸ ಸಾಲುಗಳ ಕೊನೆಯಲ್ಲಿ ಉಳಿದ ಸ್ಪೇಸ್‌ಗಳನ್ನು ಅದು ಎತ್ತಿ ತೋರಿಸುತ್ತದೆ.

ಹಾಗಾದರೆ ಎಲ್ಲವನ್ನೂ ಯಂತ್ರವೇ ಗುಡಿಸಿಹಾಕಲಿ, ಚರ್ಚೆ ಏಕೆ ಎಂದು ನೀವು ಕೇಳಬಹುದು. ನನ್ನ ಭಿನ್ನಾಭಿಪ್ರಾಯ ಇರುವುದು ಇಲ್ಲಿಯೇ.

ಯುನಿಕೋಡ್‌ನಲ್ಲಿ 200ಸಿ, 200ಡಿ ಎಂಬ ಎರಡು ಅಗೋಚರ ಸಂಜ್ಞೆಗಳಿವೆ. ಮೊದಲನೆಯದು ಅಕ್ಷರಗಳನ್ನು ಕೂಡದಂತೆ ತಡೆಯುತ್ತದೆ. ಎರಡನೆಯದು ಜೋಡಣೆಯ ರೂಪವನ್ನು ನಿರ್ದೇಶಿಸುತ್ತದೆ. ‘ರಾಜ್‌ಕುಮಾರ್’ ಎಂಬ ಹೆಸರಿನಿಂದ ಮೊದಲನೆಯದನ್ನು ಕಿತ್ತರೆ ಅದು ‘ರಾಜ್ಕುಮಾರ್’ ಆಗುತ್ತದೆ. ‘ರ‍್ಯಾಂಕ್’ ಎಂಬುದರಿಂದ ಎರಡನೆಯದನ್ನು ಕಿತ್ತರೆ ರಕಾರವು ಅರ್ಕಾವತ್ತಾಗಿ ‘ರ್ಯಾಂಕ್’ ಎಂದು ಮೂಡುತ್ತದೆ. ನಿಪ್ಪಾಣಿ, ಕಾಗವಾಡದ ಕಡೆ ಮರಾಠಿಯನ್ನೂ ಓದಬಲ್ಲವರಿದ್ದಾರೆ; ಆ ಭಾಷೆಯ ರೆಪ್ಪೆಯಾಕಾರದ ಅರ್ಧ ರಕಾರವನ್ನು ಮೂಡಿಸಲು ಇದೇ 200ಡಿ ಬಳಕೆಯಾಗುವುದುಂಟು. ಇಂಗ್ಲಿಷಿನ ಕಡತವನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು, ‘ಕಾಣದ್ದೆಲ್ಲ ಕಸ’ ಎಂದು ಬರೆದ ಶುದ್ಧೀಕರಣವು ನಮ್ಮ ನುಡಿಯನ್ನು ಕೆಡಿಸುತ್ತದೆ.

ಆದರೆ ಅದೇ 200ಸಿ ಸಂಜ್ಞೆಯು, ‘ರಾಯಬಾಗ್’ ಎಂಬಂತಹ ಅರ್ಧಾಕ್ಷರದಲ್ಲಿ ಮುಗಿಯುವ ಪದದ ಕೊನೆಯಲ್ಲಿ ಅಭ್ಯಾಸಬಲದಿಂದ ಉಳಿದಿದ್ದರೆ, ಅದು ನಿಜವಾದ ಕಳೆ. ಅದನ್ನು ಯುನಿಕೋಡ್ ಖಾಲಿ ಜಾಗವೆಂದು ಎಣಿಸದ ಕಾರಣ, ಪೈಥಾನ್‌ನ ‘ಸ್ಟ್ರಿಪ್’ನಂತಹ ಸೌಲಭ್ಯಗಳು ಅದನ್ನು ತೆಗೆಯುವುದೂ ಇಲ್ಲ. ಒಂದೇ ಸಂಜ್ಞೆ ಒಂದೆಡೆ ಬೆಳೆ, ಇನ್ನೊಂದೆಡೆ ಕಳೆ. ಕಬ್ಬಿನ ಹೊಲದಲ್ಲಿ ಕಳೆ ಕೀಳುವವರು ಮೊಳಕೆಯನ್ನು ಬಲ್ಲವರಾಗಿರಬೇಕಲ್ಲವೇ?

ಆದ್ದರಿಂದ ನನ್ನ ಸಲಹೆ ಇಷ್ಟು. ಮೊದಲು ಕಾಣದ್ದನ್ನು ಕಾಣುವಂತೆ ಮಾಡಿರಿ. ಬಹುತೇಕ ಎಡಿಟರ್‌ಗಳಲ್ಲಿ ಆ ಸೌಕರ್ಯವಿದೆ. ಎರಡು ಅಕ್ಷರಗಳ ನಡುವಿನ ಸಂಜ್ಞೆಯನ್ನು ಉಳಿಸಿರಿ, ಪದದ ಅಂಚಿನಲ್ಲಿ ಅಂಟಿಕೊಂಡಿದ್ದನ್ನು ಪರಿಶೀಲಿಸಿ ತೆಗೆಯಿರಿ. ಶುಚಿಗೊಳಿಸಿದ ಬದಲಾವಣೆಯನ್ನು ಅರ್ಥ ಬದಲಿಸುವ ತಿದ್ದುಪಡಿಯೊಡನೆ ಬೆರೆಸದೆ ಪ್ರತ್ಯೇಕವಾಗಿ ದಾಖಲಿಸಿರಿ. ನೂರು ಸಾಲು ಸ್ಪೇಸ್‌ಗಳ ನಡುವೆ ಒಂದು ನಿಜವಾದ ತಿದ್ದುಪಡಿ ಅಡಗಿದರೆ ಪರಿಶೀಲಿಸುವವರಿಗೆ ಅದು ಕಾಣದು. ಕನ್ನಡದ ನಾಲ್ಕು ಹೆಸರುಗಳನ್ನು ಪರೀಕ್ಷೆಗೆ ಇಟ್ಟುಕೊಳ್ಳಿರಿ.

ಈ ಎಚ್ಚರವನ್ನು ಹೊರನಾಡಿನ ಸಂಸ್ಥೆಗಳಿಂದ ನಿರೀಕ್ಷಿಸುತ್ತ ಕೂರುವುದು ಸರಿಯಲ್ಲ. ಕನ್ನಡ ಓದಬಲ್ಲ, ಪ್ರೋಗ್ರಾಂ ಬರೆಯಬಲ್ಲ ನಿಮ್ಮ ಹೊಣೆ ಅದು.