ಎರಡೂ ಗುಲಾಬಿಯೇ, ಆದರೆ ಒಂದೇ ಅಲ್ಲ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು, ಗೋಡೆಗೆ ಬಣ್ಣ ಆರಿಸಿ ನೋಡು ಎಂಬ ಮಾತನ್ನು ಸೇರಿಸಲಿಲ್ಲ. ಅದರ ಅಗತ್ಯ ಅವರಿಗಿರಲಿಲ್ಲ. ಸುಣ್ಣ ಬಳಿಯುತ್ತಿದ್ದ ಆ ಕಾಲದಲ್ಲಿ ಹೆಚ್ಚೆಂದರೆ ಅದಕ್ಕೆ ಒಂದಿಷ್ಟು ನೀಲಿಯನ್ನೋ ಕೆಮ್ಮಣ್ಣನ್ನೋ ಕಲಸುತ್ತಿದ್ದರು. ಸುಣ್ಣದ ಕ್ಷಾರಗುಣವನ್ನು ತಾಳಿಕೊಂಡು ಉಳಿಯುವ ಬಣ್ಣಗಳು ಕೆಲವೇ. ಕಬ್ಬಿಣದ ಅಂಶವುಳ್ಳ ಕೆಮ್ಮಣ್ಣು ಅವುಗಳಲ್ಲೊಂದು. ಹಾಗಾಗಿ ಸುಣ್ಣದ ಗುಲಾಬಿ ಗೋಡೆಗಳೆಲ್ಲ ಬಹುಮಟ್ಟಿಗೆ ಒಂದೇ ಮನೆತನದವು. ಇಂದು ಬಣ್ಣದ ಅಂಗಡಿಯಲ್ಲಿ ಶೇಡ್ ಕಾರ್ಡು ಬಿಡಿಸಿದರೆ ಗುಲಾಬಿಯೊಂದಕ್ಕೇ ಪುಟಗಳಿವೆ!

ಅಲ್ಲಿಂದಲೇ ಮನೆಯ ತಕರಾರು ಆರಂಭವಾಗುತ್ತದೆ. ಮಗಳು ಎರಡು ಚೌಕಗಳ ಮೇಲೆ ಬೆರಳಿಟ್ಟು ಯೋಚಿಸುತ್ತ ನಿಂತಿರುತ್ತಾಳೆ. "ಎರಡೂ ಒಂದೇ ಅಲ್ಲವೇನಮ್ಮ, ಯಾವುದೋ ಒಂದು ಹೇಳಿಬಿಡು" ಎಂದು ಅಪ್ಪ ಗಡಿಯಾರ ನೋಡುತ್ತಾನೆ. ಓದುಗ ಮಿತ್ರರೇ, ಈ ವಿಷಯದಲ್ಲಿ ನಾನು ಮಗಳ ಪಕ್ಷ. ಎರಡೂ ಒಂದೇ ಅಲ್ಲ. ಅವಳ ತಡವರಿಕೆ ಹಠವಲ್ಲ, ಅದು ಸೂಕ್ಷ್ಮ ಅವಲೋಕನ. ಆದರೆ ಅವಳ ಪ್ರಶ್ನೆಗೆ ಉತ್ತರ ಅಂಗಡಿಯಲ್ಲಿಲ್ಲ, ಅವಳ ಕೋಣೆಯಲ್ಲಿದೆ.

ಗುಲಾಬಿಯೆಂದರೆ ಸರಳವಾಗಿ ಕೆಂಪಿಗೆ ಬಿಳಿ ಬೆರೆತದ್ದು. ಅದರೊಳಗೆ ತುಸು ಹಳದಿ ಸೇರಿದರೆ ಈರುಳ್ಳಿಯ ಒಳಸಿಪ್ಪೆಯ ಬಣ್ಣ. ತುಸು ನೀಲಿ ಸೇರಿದರೆ ತಾವರೆಯ ಎಸಳಿನ ತುದಿಯ ಬಣ್ಣ. ತುಸು ಕಪ್ಪು ಸೇರಿದರೆ ಬೂದಿ ಮುಸುಕಿದ ಗುಲಾಬಿ. ಕಾರ್ಡಿನ ಚಿಕ್ಕ ಚೌಕದಲ್ಲಿ ಈ ಒಲವು ಅಡಗಿಕೊಂಡಿರುತ್ತದೆ. ಒಂದು ಸಣ್ಣ ಲೆಕ್ಕ ಮಾಡೋಣ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯ ಗೋಡೆಗಳು 440 ಚದರ ಅಡಿ. ಬಾಗಿಲು ಕಿಟಕಿಗೆ 40 ಕಳೆದರೆ 400, ಅಂದರೆ 57,600 ಚದರ ಅಂಗುಲ. ಕಾರ್ಡಿನ ಚೌಕ ಎರಡು ಚದರ ಅಂಗುಲವಿದ್ದರೆ, ಗೋಡೆ ಅದರ 28,800 ಪಟ್ಟು! ಸಾಲದ್ದಕ್ಕೆ ಎದುರುಬದುರಿನ ಗೋಡೆಗಳು ತಮ್ಮ ಬಣ್ಣವನ್ನು ಪರಸ್ಪರ ಪ್ರತಿಫಲಿಸಿ ಇನ್ನಷ್ಟು ಗಾಢವಾಗುತ್ತವೆ. ಕಾರ್ಡಿನಲ್ಲಿ ಸೌಮ್ಯವಾಗಿದ್ದದ್ದು ಕೋಣೆಯಲ್ಲಿ ಅಬ್ಬರಿಸುವುದು ಇದರಿಂದಲೇ.

ಎರಡನೆಯದು ಬೆಳಕು. ನಮ್ಮಲ್ಲಿ ಉತ್ತರದ ಕಿಟಕಿಯಿಂದ ಬಹುಪಾಲು ಬರುವುದು ಆಕಾಶದ ನೀಲಿ ಬೆರೆತ ಬೆಳಕು. ತಾವರೆ ಬಣ್ಣ ಅಲ್ಲಿ ನೇರಳೆಯತ್ತ ವಾಲುತ್ತದೆ. ಪಡುವಣ ಕಿಟಕಿಯ ಸಂಜೆ ಬಿಸಿಲಿನಲ್ಲಿ ಈರುಳ್ಳಿ ಬಣ್ಣ ಕಿತ್ತಳೆಯಾಗಿಬಿಡುತ್ತದೆ. ಸಾಮಾನ್ಯ ಎಲ್‌ಇಡಿ ದೀಪಗಳಲ್ಲಿ ಹಲವು ಕೆಂಪನ್ನು ಅಷ್ಟಾಗಿ ತೋರಿಸುವುದಿಲ್ಲ. ಅವುಗಳ ಕೆಳಗೆ ಗುಲಾಬಿ ಕಳೆಗುಂದುತ್ತದೆ. ಪರಮಾಣು ಸಿದ್ಧಾಂತದ ಪಾಠದಿಂದ ಹೈಸ್ಕೂಲು ಮಕ್ಕಳಿಗೆಲ್ಲ ಪರಿಚಿತನಾದ ಜಾನ್ ಡಾಲ್ಟನ್ ತನ್ನ ದೃಷ್ಟಿಯ ವೈಶಿಷ್ಟ್ಯವನ್ನು ಕಂಡುಕೊಂಡದ್ದು ಒಂದು ಗುಲಾಬಿ ಬಣ್ಣದ ಜೆರೇನಿಯಂ ಹೂವಿನಿಂದ. ಹಗಲಿನಲ್ಲಿ ಆತನಿಗೆ ಅದು ಆಕಾಶನೀಲಿಯಾಗಿ ಕಂಡಿತು, ಮೇಣದ ಬತ್ತಿಯ ಬೆಳಕಿನಲ್ಲಿ ಕೆಂಪಾಗಿ ಕಂಡಿತು. 1794ರಲ್ಲಿ ಮ್ಯಾಂಚೆಸ್ಟರಿನ ವಿದ್ವತ್ಸಭೆಯ ಮುಂದೆ ಆತ ತನ್ನ ಬಣ್ಣಗುರುಡನ್ನು ವಿವರಿಸಿದ.

ಮೂರನೆಯದು ನೆರೆಹೊರೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರಲ್ 1824ರಲ್ಲಿ ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ ಮುಖ್ಯಸ್ಥನಾದ. ಅಲ್ಲಿಯ ಕಪ್ಪು ನೂಲು ಮಂಕಾಗಿ ಕಾಣುತ್ತದೆಂಬ ದೂರು ಅವನ ಮುಂದೆ ಬಂತು. ಪರೀಕ್ಷಿಸಿದರೆ ನೂಲಿನಲ್ಲಿ ದೋಷವಿಲ್ಲ. ದೋಷವೆಲ್ಲ ಪಕ್ಕದ ಬಣ್ಣಗಳದ್ದು! ಇದನ್ನೇ ಶೋಧಿಸುತ್ತ ಹೋಗಿ ಅವನು 1839ರಲ್ಲಿ ಗ್ರಂಥವನ್ನೇ ಪ್ರಕಟಿಸಿದ. ನಮ್ಮ ಮನೆಗಳಿಗೂ ಇದೇ ನ್ಯಾಯ. ಹಸಿರು ಪರದೆಯ ಪಕ್ಕದಲ್ಲಿ ಗುಲಾಬಿ ಹೆಚ್ಚು ಕೆಂಪೇರುತ್ತದೆ. ರೆಡ್ ಆಕ್ಸೈಡ್ ನೆಲವಂತೂ ಬಿಸಿಲು ಬಿದ್ದಾಗ ತನ್ನ ಕೆಂಪನ್ನು ಗೋಡೆಗೂ ಹಂಚುತ್ತದೆ.

ಇನ್ನು ಕಣ್ಣು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿಯನ್ನು ತಡೆಯತೊಡಗುತ್ತದೆ. ಆದ್ದರಿಂದ ಮೊಮ್ಮಗಳಿಗೆ ಎರಡಾಗಿ ಕಂಡ ಗುಲಾಬಿಗಳು ಅಜ್ಜಿಗೆ ಒಂದಾಗಿ ಕಂಡರೆ ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದಾರೆ. ಹಾಗಾದರೆ ಯಾರ ಕಣ್ಣನ್ನು ನಂಬಬೇಕು? ನನ್ನ ಅಭಿಪ್ರಾಯ ಸ್ಪಷ್ಟ: ಆ ಕೋಣೆಯಲ್ಲಿ ಯಾರು ಮಲಗಿ ಏಳುತ್ತಾರೋ ಅವರ ಕಣ್ಣನ್ನು. ಹಣ ಕೊಡುವವರು ಬೆಲೆಯ ಮಿತಿ ಹೇಳಲಿ, ಬಣ್ಣ ಹೇಳುವುದು ಬೇಡ. ಅಜ್ಜಿಯ ಕೋಣೆಗೆ ಅಜ್ಜಿಯೇ ಆರಿಸಲಿ. ಮಕ್ಕಳು ತಮ್ಮ ಅಭಿರುಚಿಯನ್ನು ಅವರ ಮೇಲೆ ಹೇರುವುದೂ ಅಷ್ಟೇ ತಪ್ಪು. ಹೆಣ್ಣುಮಗುವಿನ ಕೋಣೆಗೆ ಗುಲಾಬಿಯೇ ಆಗಬೇಕೆಂಬ ನಿಯಮವಿಲ್ಲ. ಗುಲಾಬಿ ಕೇಳಿದ ಹುಡುಗನನ್ನು ನೋಡಿ ನಗುವ ಕಾರಣವೂ ಇಲ್ಲ.

ಆರಿಸುವ ವಿಧಾನ ಸುಲಭ. ಎರಡೂ ಬಣ್ಣಗಳ ಚಿಕ್ಕ ಡಬ್ಬಗಳನ್ನು ತನ್ನಿ. ಎರಡಡಿ ಚೌಕದ ಎರಡು ಬಿಳಿ ರಟ್ಟುಗಳಿಗೆ ಎರಡೆರಡು ಸಲ ಬಳಿದು ಪೂರ್ತಿ ಒಣಗಲು ಬಿಡಿ. ಹಸಿ ಬಣ್ಣವನ್ನು ನೋಡಿ ತೀರ್ಪು ಕೊಡಬಾರದು. ಹಳೆಯ ಗೋಡೆಯ ಬಣ್ಣ ಸೋಂಕದಂತೆ ಹಿಂದೆ ಬಿಳಿ ಹಾಳೆಯಿಟ್ಟು, ಕಿಟಕಿಯ ಎದುರಿಗೂ ಪಕ್ಕದಲ್ಲೂ ನಿಲ್ಲಿಸಿ, ಬೆಳಗ್ಗೆ, ಸಂಜೆ, ದೀಪ ಹಚ್ಚಿದ ಮೇಲೆ ನೋಡಿ. ಎರಡು ಮೂರು ದಿನ ಹೀಗೆ ಮಾಡಿದರೆ ಒಂದು ರಟ್ಟು ತಾನಾಗಿಯೇ ಬೇಡವೆನಿಸುತ್ತದೆ. ಆಗಲೂ ಬಗೆಹರಿಯದಿದ್ದರೆ ಹೆಚ್ಚು ಮಂದವಾದುದನ್ನೇ ಆರಿಸಿ. ಗೋಡೆಯ ವಿಸ್ತಾರ ಉಳಿದ ಕಳೆಯನ್ನು ತುಂಬುತ್ತದೆ. ಯಂತ್ರದಲ್ಲಿ ಬೆರೆಸಿದ ಡಬ್ಬಗಳಲ್ಲಿ ತುಸು ವ್ಯತ್ಯಾಸ ಇರಬಹುದಾದ್ದರಿಂದ ಎಲ್ಲವನ್ನೂ ದೊಡ್ಡ ಬಕೆಟ್ಟಿಗೆ ಸುರಿದು ಕಲಸಲು ಪೇಂಟರಿಗೆ ಹೇಳಿ.

ಒಂದು ಗೋಡೆಗೆ ಇಷ್ಟು ರಗಳೆಯೇ ಎಂದು ಕೇಳಬಹುದು. ಅವಳಿ ಮಕ್ಕಳನ್ನು ಮೊದಲ ದಿನ ಗುರುತಿಸಲಾರದ ಮೇಷ್ಟ್ರು ವರ್ಷ ಮುಗಿಯುವಷ್ಟರಲ್ಲಿ ಬೆನ್ನು ನೋಡಿಯೇ ಹೆಸರು ಕರೆಯುತ್ತಾರೆ. ದಿನವೂ ಜತೆಗಿರುವವರಿಗೆ ಸಣ್ಣ ವ್ಯತ್ಯಾಸವೇ ದೊಡ್ಡದು. ಗೋಡೆಯ ಜತೆ ಐದಾರು ವರ್ಷ ಬದುಕಬೇಕಾದವರಿಗೆ ಎರಡು ದಿನದ ವಿರಾಮ ಕೊಡುವುದು ದುಂದಲ್ಲ. ಮಗುವೊಂದು "ಇವೆರಡೂ ಬೇರೆ" ಎಂದಾಗ ಗದರಿ ಒಂದೇ ಎನ್ನಿಸುವುದು ಸುಲಭ. "ಹೇಗೆ ಬೇರೆ, ತೋರಿಸು" ಎಂದು ಕೇಳಿನೋಡಿ. ಕಲಿಸುವುದೆಂದರೆ ಬಹುಪಾಲು ಅಷ್ಟೇ.